ಜೀವ ಉಳಿದ ಕಾಗದ

ಲೋಹಿತಾಳ ಲ್ಯಾಬಿಗೆ ಮೊದಲ ಸಲ ಬಂದವರು ಇದೇನು ಲ್ಯಾಬೋ ಇಸ್ತ್ರಿ ಅಂಗಡಿಯೋ ಎಂದು ಕೇಳದೆ ಇರುತ್ತಿರಲಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಹಳೇ ಇಸ್ತ್ರಿಪೆಟ್ಟಿಗೆ, ಮಕ್ಕಳ ಮೇಣದ ಬಳಪದ ಡಬ್ಬಿ, ಕತ್ತರಿ, ಸೋಸುಕಾಗದದ ಕಟ್ಟು. ಮಧುಗಿರಿಯ ಹೊರಗೆ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತ ಆ ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಕ್ಯಾನ್ಸರ್ ಸಂಶೋಧನೆ ನಡೆಯುತ್ತದೆ ಎಂದರೆ ಅಲ್ಲಿನ ಪ್ರಿನ್ಸಿಪಾಲರೇ ನಂಬುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಡ್ಮಿಷನ್ ಕರಪತ್ರಕ್ಕೆ ಒಂದು ಫೋಟೋ. ಅದು ಸಿಕ್ಕಿದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ.

ಕೆಲಸ ಮಾತ್ರ ನಿಜವಾದದ್ದೇ. ಕ್ಯಾನ್ಸರ್ ಗೆಡ್ಡೆಯಿಂದ ತೆಗೆದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅವು ಚಾಪೆ ಹಾಸಿದ ಹಾಗೆ ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಮೈಯೊಳಗಿನ ಗೆಡ್ಡೆ ಅಷ್ಟು ಸಾಧುವಲ್ಲ. ಅದು ಒಂದರ ಮೇಲೊಂದು ಪೇರಿಸಿಕೊಂಡು ಬೆಳೆಯುತ್ತದೆ. ನಡುವೆ ಸಿಕ್ಕಿದ ಕೋಶಗಳು ಗಾಳಿಯಿಲ್ಲದೆ ಊಟವಿಲ್ಲದೆಯೂ ಹಟ ಹಿಡಿದು ಬದುಕುತ್ತವೆ, ಔಷಧಿಗೂ ಬಗ್ಗುವುದಿಲ್ಲ. ಹಾಗೆ ಪೇರಿಸಿ ಬೆಳೆಸುವ ಸಲಕರಣೆಗಳು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿವೆ. ಈ ಕಾಲೇಜಿನಲ್ಲಿ ಅವುಗಳ ಮಾತೆತ್ತುವಂತಿಲ್ಲ. ಹಾಗಾಗಿ ಲೋಹಿತಾ ಕಾಗದ ಹಿಡಿದಳು. ಸೋಸುಕಾಗದದ ಮೇಲೆ ಮೇಣದ ಬಳಪದಿಂದ ಉಂಗುರ ಬರೆದು ಇಸ್ತ್ರಿ ಎಳೆದರೆ ಮೇಣ ಕಾಗದದೊಳಕ್ಕೆ ಇಳಿದು ಕಟ್ಟೆಯಾಗಿ ನಿಲ್ಲುತ್ತದೆ. ಉಂಗುರದೊಳಗೆ, ಲೋಳೆಯಂಥ ದ್ರವದಲ್ಲಿ ಕಲಸಿದ ಕೋಶಗಳ ಒಂದು ಹನಿ. ಅಂಥ ಕಾಗದಗಳನ್ನು ಒಂದರ ಮೇಲೊಂದು ಒತ್ತಿಟ್ಟರೆ ಪುಟ್ಟದೊಂದು ಗೆಡ್ಡೆಯೇ ಆಯಿತು. ಔಷಧಿ ಹಾಕಿ, ಕೆಲವು ದಿನ ಬಿಟ್ಟು, ಪದರಗಳನ್ನು ಬಿಡಿಸಿ ಹಳದಿ ದ್ರಾವಣದಲ್ಲಿ ಅದ್ದಿದರೆ ಒಳಗಿನ ಕತೆ ಹೊರಗೆ ಬರುತ್ತದೆ. ಬದುಕಿರುವ ಕೋಶಗಳು ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತಿದ್ದರೆ ತೊಳೆದ ಮೇಲೆ ಕಾಗದ ಬರೀ ಬಿಳಿ. ಲೋಹಿತಾಳಿಗೆ ಬಿಳಿ ಕಂಡರೆ ಹಬ್ಬ, ನೇರಳೆ ಕಂಡರೆ ಸೂತಕ.

ಇದನ್ನೆಲ್ಲ ತಾನು ಕನ್ನಡದಲ್ಲೇ ಹೇಳಬಲ್ಲೆ ಎಂಬುದು ಅವಳ ಒಂದು ಹೆಮ್ಮೆ. ಕೊರಟಗೆರೆಯ ಬಟ್ಟೆ ಅಂಗಡಿ ನಾಗಲಿಂಗಯ್ಯನವರ ಮಗಳು ಅವಳು. 'ಸೆಲ್' ಎಂದರೆ ಅಪ್ಪನಿಗೆ ಟಾರ್ಚಿನ ಸೆಲ್ಲೇ ಕಣ್ಣಿಗೆ ಕಟ್ಟುತ್ತದೆಂದು 'ಜೀವಕೋಶ' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಮಾತಿನ ಓಟದಲ್ಲಿ 'ಕೋಶ' ಉದುರಿಹೋಗಿ 'ಜೀವ' ಅಷ್ಟೇ ಉಳಿಯುತ್ತಿತ್ತು. ಈ ಪದರದಲ್ಲಿ ಜೀವ ಇದೆ, ಆ ಪದರದಲ್ಲಿ ಇಲ್ಲ ಎಂದರೆ ಅವಳ ವಿದ್ಯಾರ್ಥಿಗಳು ತಲೆದೂಗುತ್ತಿದ್ದರು. ಆ ಹೆಮ್ಮೆಯೇ ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ದಿನಾ ಅವಳು ಕೊರಟಗೆರೆಯಿಂದ ಬರುತ್ತಿದ್ದದ್ದು ಕಾಲೇಜು ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಕೂತು. ಡ್ರೈವರ್ ಓಬಳೇಶ ಪಾವಗಡದ ಕಡೆಯ ನಿಡುಗಲ್ಲಿನವನು. ಬಾಯಿ ತುಂಬ ಮಾತು, ಯಾರಿಗೂ ಇಲ್ಲವೆನ್ನದ ಮನುಷ್ಯ. ಹಿಂದಿನ ಬೇಸಿಗೆಯಲ್ಲಿ ಇಡೀ ದಿನ ಕರೆಂಟು ಹೋಗಿ, ಕಾಲೇಜಿನ ಯುಪಿಎಸ್ಸೂ ಕೈಕೊಟ್ಟು, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾಗುತ್ತಿದ್ದಾಗ ಅವನು ಬಸ್ಸಿನ ಬ್ಯಾಟರಿಯನ್ನೇ ಬಿಚ್ಚಿ ತಂದು, ಯಾರದೋ ಮನೆಯ ಇನ್ವರ್ಟರಿಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಉಳಿಸಿಕೊಟ್ಟಿದ್ದ. ಆ ಸಂಜೆ ಬಸ್ಸು ತಡವಾಗಿ ಹೊರಟಿತೆಂದು ಪ್ರಿನ್ಸಿಪಾಲರಿಂದ ಬೈಸಿಕೊಂಡೂ ಇದ್ದ.

"ಬುಡಿ ಮೇಡಂ, ಬಸ್ ನಿಂತ್ರೆ ತಳ್ಬೋದು, ನಿಮ್ ಮಕ್ಳು ಸತ್ರೆ ತಳ್ಳಕ್ಕಾಯ್ತದಾ?" ಎಂದು ನಕ್ಕಿದ್ದ. ಪೆಟ್ಟಿಗೆಯೊಳಗಿನ ಕೋಶಗಳಿಗೆ ಅವನಿಟ್ಟ ಹೆಸರೇ 'ಮೇಡಂ ಮಕ್ಳು'.

ಅವನ ಹೆಂಡತಿ ಗಂಗಲಕ್ಷ್ಮಿ ಮಧುಗಿರಿಯ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು. ಎಲೆಅಡಿಕೆಗೆ ಕಡ್ಡಿಪುಡಿ ಹೊಗೆಸೊಪ್ಪು ಸೇರಿಸಿ ದವಡೆಗೊತ್ತಿಕೊಂಡರೇ ಅವಳಿಗೆ ಮಿಷನ್ ಓಡುತ್ತಿದ್ದದ್ದು. ಎಡಗೆನ್ನೆಯ ಒಳಗೆ ಹುಣ್ಣಾಯಿತು. ಹುಣ್ಣು ವಾಸಿಯಾಗಲಿಲ್ಲ. ತುಮಕೂರಿನಲ್ಲಿ ಆಪರೇಷನ್ ಮಾಡಿ, ಜನ ಕರೆಂಟು ಎನ್ನುವ ರೇಡಿಯೇಷನ್ ಕೊಟ್ಟು ಕಳಿಸಿದರು. ವರ್ಷ ತುಂಬುವುದರೊಳಗೆ ದವಡೆಯ ಕೆಳಗೆ ಗೆಡ್ಡೆ ಮತ್ತೆ ತಲೆಯೆತ್ತಿತು.

ಅಲ್ಲಿನ ಡಾಕ್ಟರ್ ಪ್ರಸನ್ನಕುಮಾರ್ ಮುಚ್ಚುಮರೆ ಮಾಡಲಿಲ್ಲ. ಮತ್ತೆ ಆಪರೇಷನ್ ಮಾಡಲಾಗದು, ಇನ್ನಿರುವುದು ಎರಡು ದಾರಿ ಎಂದರು. ವಾರ ವಾರ ತುಮಕೂರಿಗೆ ಬಂದು ಡ್ರಿಪ್ಪಿನಲ್ಲಿ ಔಷಧಿ ಹಾಕಿಸಿಕೊಳ್ಳಬೇಕು, ವಾಂತಿ ಸುಸ್ತು ಹೆಚ್ಚು. ಇಲ್ಲವೆಂದರೆ ಮನೆಯಲ್ಲೇ ಮಾತ್ರೆ. ಯಾರಿಗೆ ಯಾವುದು ಹಿಡಿಯುತ್ತದೆಂದು ಮೊದಲೇ ಹೇಳಲಾಗದು, ಯೋಚನೆ ಮಾಡಿ ಬನ್ನಿ ಎಂದು ಗಂಡಹೆಂಡಿರನ್ನು ಕಳಿಸಿಕೊಟ್ಟರು. ಲೋಹಿತಾಳ ಕೆಲಸಕ್ಕೆ ರೋಗಿಗಳ ಒಪ್ಪಿಗೆ ಪಡೆದು ಗೆಡ್ಡೆಯ ಚೂರು ಕೊಡುತ್ತಿದ್ದವರೂ ಅವರೇ. ಗಂಗಲಕ್ಷ್ಮಿಯ ಚೂರು ಕೊಡುವಾಗ ಒಂದು ಮಾತು ಒತ್ತಿ ಹೇಳಿದರು.

"ನೋಡಿ ಲೋಹಿತಾ, ಇದು ಅಧ್ಯಯನಕ್ಕೆ ಮಾತ್ರ. ನಿಮ್ಮ ಕಾಗದ ಏನೇ ಹೇಳಲಿ, ಮನೆಯವರಿಗೆ ಹೇಳೋ ಹಾಗಿಲ್ಲ. ಅದು ಎಷ್ಟು ಸರಿ ಅಂತ ಇನ್ನೂ ನಮಗೇ ಗೊತ್ತಿಲ್ಲ."

ಲೋಹಿತಾ ಹೂಂಗುಟ್ಟಿದಳು. ಹೂಂಗುಟ್ಟುವುದಕ್ಕೇನು, ಸುಲಭ. ಆದರೆ ದಿನಾ ಎರಡು ಹೊತ್ತು ಓಬಳೇಶನ ಬೆನ್ನ ಹಿಂದೆ ಕೂರುವವಳು ಅವಳು. ಅವನ ಮಾತು ಕಮ್ಮಿಯಾದದ್ದು, ಬಸ್ಸಿನ ಹಾಡು ನಿಂತದ್ದು, ಗೇರು ಬದಲಿಸುವ ಕೈ ಒಮ್ಮೊಮ್ಮೆ ಹಾಗೇ ನಿಂತುಬಿಡುವುದು, ಎಲ್ಲ ಅವಳ ಕಣ್ಣೆದುರಿಗೇ ಇತ್ತು.

ವಾರ ಕಳೆದು ಪದರಗಳನ್ನು ಬಿಡಿಸಿದಾಗ ಅವಳು ಕೂತಲ್ಲಿಂದ ಎದ್ದೇ ನಿಂತಳು. ಡ್ರಿಪ್ಪಿನ ಔಷಧಿ ಹಾಕಿದ ಕಾಗದಗಳು ಮೇಲಿನಿಂದ ತಳದವರೆಗೆ ಬಿಳಿ. ಮಾತ್ರೆಯ ಔಷಧಿ ಹಾಕಿದವು ಪದರ ಪದರವೂ ನೇರಳೆ. ಇಷ್ಟು ಚೊಕ್ಕವಾದ ಉತ್ತರ ಅವಳಿಗೆ ಅದುವರೆಗೆ ಸಿಕ್ಕಿರಲೇ ಇಲ್ಲ. ಡ್ರಿಪ್ ಹಾಕಿಸಿದರೆ ಈ ಹೆಂಗಸು ಒಂದಷ್ಟು ಕಾಲ ಬದುಕಬಹುದು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಅವಳಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಗೆ ಇನ್ನೂ ಯಾರೂ ಹತ್ತಿರಲಿಲ್ಲ. ಅವಳು ಮುಂದಕ್ಕೆ ಬಾಗಿದಳು.

"ಓಬಳೇಶಣ್ಣ, ಒಳ್ಳೇ ಸುದ್ದಿ ಇದೆ. ಆದರೆ ಯಾರಿಗೂ ಹೇಳಬಾರದು. ಡಾಕ್ಟರಿಗಂತೂ ಹೇಳಲೇಬಾರದು. ನಾನು ಹೇಳೋ ಹಾಗಿಲ್ಲ."

"ಯೋಳಿ ಮೇಡಂ, ನನ್ ಬಾಯಿಗ್ ಬೀಗ."

"ಗಂಗಕ್ಕನ ಚೂರು ಕಾಗದದಲ್ಲಿ ಚೆನ್ನಾಗಿ ಬೆಳೀತು. ಎರಡು ಔಷಧೀನೂ ಹಾಕಿ ನೋಡಿದೆ. ಡ್ರಿಪ್ ಹಾಕಿದ್ದು ಪೂರ್ತಿ ಬಿಳಿ. ಮಾತ್ರೆ ಹಾಕಿದ್ದರಲ್ಲಿ ಮಾತ್ರ ಜೀವ ಉಳಿದಿದೆ."

ಬಸ್ಸು ನಿಧಾನವಾಯಿತು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣನ್ನು ಹುಡುಕಿತು.

"ಜೀವ ಉಳೀತಾ ಮೇಡಂ? ಮಾತ್ರೇಗೆ?"

"ಹೂಂ, ನೋಡಿ." ಅವಳು ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು. ಒಂದು ಸಾಲು ಬಿಳಿ, ಒಂದು ಸಾಲು ನೇರಳೆ. ಎರಡರ ಕೆಳಗೂ ಔಷಧಿಯ ಹೆಸರು ಬರೆದಿತ್ತು.

"ಏನ್ ಬಣ್ಣ ಬಂದೈತೆ ಮೇಡಂ!" ಎಂದ ಅವನು.

"ಹಾಗಾದರೆ ಯಾವುದು ಅಂತ ಗೊತ್ತಾಯ್ತಲ್ಲ?" ಎಂದಳು ಲೋಹಿತಾ.

"ಗೊತ್ತಾಗ್ದೆ ಏನ್ ಮೇಡಂ."

ಅಷ್ಟರಲ್ಲಿ ಮುಂದಿನ ಸ್ಟಾಪು ಬಂತು, ಹುಡುಗಿಯರು ಕಲಕಲವೆನ್ನುತ್ತ ಹತ್ತಿದರು. ಓಬಳೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಗೇರು ಹಾಕಿದ. ಅದೆಷ್ಟೋ ದಿನದ ಮೇಲೆ ಬಸ್ಸಿನಲ್ಲಿ ಹಾಡು ಹಚ್ಚಿದ. ಲೋಹಿತಾ ಹಿಂದಕ್ಕೊರಗಿ ಕಿಟಕಿಯಾಚೆ ನೋಡುತ್ತ, ನಿಯಮ ಮುರಿದರೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಳು. ಆ ಬೆಳಿಗ್ಗೆ ಅವಳಷ್ಟು ಸಂತೋಷವಾಗಿದ್ದವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ, ಓಬಳೇಶನನ್ನು ಬಿಟ್ಟರೆ.

ಪರೀಕ್ಷೆ ಮುಗಿದು ಕಾಲೇಜಿಗೆ ರಜೆ ಬಂತು. ಲೋಹಿತಾ ತನಗೆ ಪಿಎಚ್.ಡಿ. ಮಾಡಿಸಿದ ಗುರುಗಳ ಲ್ಯಾಬಿನಲ್ಲಿ ಇದೇ ಕೆಲಸವನ್ನು ಇನ್ನೊಮ್ಮೆ ಪರೀಕ್ಷಿಸಲು ಬೆಂಗಳೂರಿಗೆ ಹೋದಳು. ಬೇಸಿಗೆಯೆಲ್ಲ ಅಲ್ಲೇ ಕಳೆಯಿತು. ಒಂದೆರಡು ಸಲ ಓಬಳೇಶನಿಗೆ ಫೋನ್ ಮಾಡಬೇಕೆನಿಸಿದ್ದುಂಟು. ಹೇಳಬಾರದ್ದನ್ನು ಹೇಳಿ ಆಗಿದೆ, ಇನ್ನು ಹೆಚ್ಚು ತಲೆ ಹಾಕುವುದು ಬೇಡ ಎಂದು ಸುಮ್ಮನಾದಳು.

ಕಾಲೇಜು ಶುರುವಾದ ದಿನ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದ.

"ಓಬಳೇಶಣ್ಣ ರಜಾನ?"

"ಹೆಂಡ್ತೀಗ್ ಸೀರಿಯಸ್ಸು ಮೇಡಂ. ಬಲಸಮುದ್ರದಾಗೆ ಅತ್ತೆ ಮನೇಲವ್ನೆ."

ಲ್ಯಾಬಿಗೆ ಹೋದವಳೇ ಅವಳು ಡಾಕ್ಟರ್ ಪ್ರಸನ್ನಕುಮಾರರಿಗೆ ಫೋನ್ ಮಾಡಿದಳು. ಡ್ರಿಪ್ಪು ಕೆಲಸ ಮಾಡಲಿಲ್ಲವೇ ಎಂದು ಕೇಳಿದಳು. ಹಾಗೆ ಕೇಳುವಾಗ ಅವಳಿಗಿದ್ದದ್ದು ತನ್ನ ಕಾಗದ ತಪ್ಪು ಹೇಳಿತೇ ಎಂಬ ಚಿಂತೆ. ಮನುಷ್ಯರ ಮನಸ್ಸು ಅಷ್ಟು ಸಣ್ಣದು.

"ಡ್ರಿಪ್ ಎಲ್ಲಿ ಹಾಕಿದ್ವಿ?" ಎಂದರು ಡಾಕ್ಟರು. "ಡ್ರಿಪ್ಪೇ ವಾಸಿ ಅಂತ ನಾನೂ ಒಂದು ಮಾತು ಹೇಳಿದೆ. ಆ ಮನುಷ್ಯ ಕೇಳಬೇಕಲ್ಲ. ಮಾತ್ರೇಗೇ ಜೀವ ಉಳಿಯೋದು, ಮಾತ್ರೇನೇ ಕೊಡಿ ಅಂತ ಒಂದೇ ಹಟ. ಯಾವುದೋ ದೇವರ ಹತ್ತಿರ ಹೂ ಕೇಳಿಸಿಕೊಂಡು ಬಂದಿರಬೇಕು ಅಂದ್ಕೊಂಡೆ."

ಮಾತ್ರೇಗೇ ಜೀವ ಉಳಿಯೋದು. ಲೋಹಿತಾ ಆಡಿದ ಮಾತು ಮೂರು ತಿಂಗಳು ಊರೆಲ್ಲ ಸುತ್ತಿ ಈಗ ಫೋನಿನಲ್ಲಿ ವಾಪಸು ಬಂದಿತ್ತು. ಅವಳು ಹೇಳಿದ್ದು ಕೋಶದ ಜೀವ, ಕೊಲ್ಲಬೇಕಾಗಿದ್ದ ಗೆಡ್ಡೆಯ ಜೀವ. ಅವನು ಕೇಳಿಸಿಕೊಂಡದ್ದು ಹೆಂಡತಿಯ ಜೀವ. ಮತ್ತೇನು ಕೇಳಿಸಿಕೊಳ್ಳಬೇಕಿತ್ತು ಅವನು? ಜೀವ ಉಳಿಯಿತು ಎಂದರೆ ಈ ಸೀಮೆಯಲ್ಲಿ ಯಾರು ತಾನೇ ಅಯ್ಯೋ ಎನ್ನುತ್ತಾರೆ? ಪೂರ್ತಿ ಬಿಳಿ ಎಂದರೆ ಯಾರು ತಾನೇ ಹಿಗ್ಗುತ್ತಾರೆ? ಅದರ ಮೇಲೆ ಒಳ್ಳೇ ಸುದ್ದಿ ಎಂದು ಬೇರೆ ಹೇಳಿದ್ದಳು. ಡಾಕ್ಟರಿಗೆ ಹೇಳಬೇಡಿ ಎಂದು ಅವನ ಬಾಯಿಗೆ ಬೀಗವನ್ನೂ ಹಾಕಿದ್ದಳು. ಆ ಒಂದು ಬೀಗ ಇಲ್ಲದಿದ್ದರೆ ಅವನು ಡಾಕ್ಟರ ಮುಂದೆ ಕಾಗದದ ಮಾತೆತ್ತುತ್ತಿದ್ದ, ಅವರು ತಿದ್ದುತ್ತಿದ್ದರು.

"ಈಗ ಡ್ರಿಪ್ ಹಾಕಬಹುದಾ ಸರ್?"

"ಮೈಯಲ್ಲಿ ಏನೂ ಉಳಿದಿಲ್ಲಮ್ಮ. ಈಗ ಹಾಕಿದರೆ ಡ್ರಿಪ್ಪೇ ಮುಗಿಸಿಬಿಡುತ್ತೆ. ಯಾಕೆ ಕೇಳ್ತಿದ್ದೀರಿ?"

ಸುಮ್ಮನೆ ಎಂದಳು ಲೋಹಿತಾ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಭಾನುವಾರ ಅವಳು ಪಾವಗಡದ ಬಸ್ಸು ಹತ್ತಿದಳು. ಮಿಡಿಗೇಶಿ ದಾಟಿ, ಪಾವಗಡದಲ್ಲಿ ಇಳಿದು, ಆಟೋ ಹಿಡಿದು ಬಲಸಮುದ್ರ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಊರ ಸುತ್ತ ಹೊಲ ಇದ್ದಲ್ಲೆಲ್ಲ ಸೋಲಾರ್ ಪ್ಯಾನೆಲ್ಲುಗಳು, ಕಣ್ಣು ಬಿಡಲಾಗದಷ್ಟು ಝಳ. ದಾರಿಯುದ್ದಕ್ಕೂ ಓಬಳೇಶನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು.

ಮನೆಯ ಹೊಸ್ತಿಲಲ್ಲಿ ಕೂತಿದ್ದ ಗಂಗಲಕ್ಷ್ಮಿಯ ತಾಯಿ ಓಬಕ್ಕ ಅವಳನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡಳು. "ನಾ ಬಿಡ್ಡ, ನಾ ತಲ್ಲಿ," ಎಂದು ತೆಲುಗಿನಲ್ಲೇ ಅತ್ತು, "ನೋಡಮ್ಮ, ನನ್ ಮಗಳ್ನ ಹೆಂಗ್ ಮಾಡ್ಬುಡ್ತು ನೋಡು," ಎಂದು ಒಳಗೆ ಕರೆದುಕೊಂಡು ಹೋದಳು. ಒಳಗೆ ಡೆಟ್ಟಾಲು ಮತ್ತು ಕೀವಿನ ವಾಸನೆ. ಮಂಚದ ಮೇಲೆ ಇದ್ದವಳು ಗಂಗಲಕ್ಷ್ಮಿ ಎಂದು ನಂಬಲು ಲೋಹಿತಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ದವಡೆಗೆ ಒದ್ದೆ ಬಟ್ಟೆ ಕಟ್ಟಿದ್ದರು. ಕಣ್ಣು ಮಾತ್ರ ಹಳೇ ಗಂಗಲಕ್ಷ್ಮಿಯದು.

ಓಬಳೇಶ ಬಟ್ಟಲಿನಲ್ಲಿ ಚಮಚದಿಂದ ಮಾತ್ರೆ ಅರೆಯುತ್ತಿದ್ದ. ಅದನ್ನು ಹಾಲಿನಲ್ಲಿ ಕದಡಿ, ಹೆಂಡತಿಯ ತಲೆ ಎತ್ತಿ ಹಿಡಿದು, ಬಾಯಿಯ ಬಲಮೂಲೆಯಿಂದ ಗುಟುಕು ಗುಟುಕಾಗಿ ಕುಡಿಸಿದ. ಹೊರಗೆ ಸೋರಿದ್ದನ್ನು ಬೆರಳಿನಿಂದ ಬಳಿದು ಮತ್ತೆ ಒಳಕ್ಕೆ ಹಾಕಿದ.

"ಒಂದ್ ಹೊತ್ತೂ ತಪ್ಸಿಲ್ಲ ಮೇಡಂ. ನೀವ್ ಯೋಳಿದ್ ಮ್ಯಾಲೆ ನಾನೇ ಕೈಯಾರ ಕೊಡ್ತಿವ್ನಿ. ಬಣ್ಣ ಬಂದಿತ್ತಲ್ಲ, ವಸಿ ತಡ ಆಯ್ತದೆ ಅಷ್ಟೇಯ. ಕೂತಿರಿ, ಎಳನೀರ್ ತತ್ತೀನಿ."

ಅವನು ಹೊರಗೆ ಹೋದ. ಓಬಕ್ಕನೂ ನೀರು ಕಾಯಿಸಲು ಎದ್ದಳು. ಲೋಹಿತಾ ಮಂಚದ ಪಕ್ಕ ಕೂತಳು. ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತೇಹೋಯಿತು. ಅಳುತ್ತ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಕಾಗದದಲ್ಲಿ ಉಳಿದದ್ದು ಗೆಡ್ಡೆ, ನೀವಲ್ಲ. ಬಿಳಿಯಾದದ್ದೇ ಸರಿಯಾದ ಔಷಧಿ. ನಾನು ಹೇಳಿದ್ದು ಒಂದು, ಓಬಳೇಶಣ್ಣ ತಿಳಿದದ್ದು ಇನ್ನೊಂದು.

ಗಂಗಲಕ್ಷ್ಮಿ ಸೂರು ನೋಡುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮಾತಾಡಿದಳು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳಬೇಕಾಗಿತ್ತು.

"ಅವ್ರಿಗ್ ಯೋಳಿದ್ರಾ?"

"ಇಲ್ಲ. ಈಗ ಹೇಳ್ತೀನಿ."

"ಬ್ಯಾಡ." ಮೂಳೆಯಂಥ ಕೈ ಬಂದು ಲೋಹಿತಾಳ ಮುಂಗೈ ಹಿಡಿಯಿತು. "ಕೈಯಾರ ಕುಡ್ಸವ್ರೆ. ಗೊತ್ತಾದ್ರೆ ಆ ಕೈನ ಏನ್ ಮಾಡ್ಕಂತಾರೋ. ಯೋಳ್ಬ್ಯಾಡಿ. ಆಣೆ ಮಾಡಿ."

ಲೋಹಿತಾ ಆಣೆ ಮಾಡಿದಳು.

"ನಿಮ್ಮೇಲ್ ಸಿಟ್ಟಿಲ್ಲ ಅನ್ಕಬ್ಯಾಡಿ ಮೇಡಂ," ಎಂದಳು ಗಂಗಲಕ್ಷ್ಮಿ. "ಐತೆ."

ಓಬಳೇಶ ಎಳನೀರು ಹಿಡಿದು ಒಳಗೆ ಬಂದ. ಲೋಹಿತಾ ಎಳನೀರು ಕುಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆಣೆ ಮಾಡುವಾಗ ಅವಳಲ್ಲಿ ಸಂಕಟದ ಜೊತೆಗೆ ಒಂದು ಸಮಾಧಾನವೂ ಸುಳಿದಿತ್ತು. ಹೇಳುವ ಕಷ್ಟ ತಪ್ಪಿತಲ್ಲ ಎಂದು.

ಆಷಾಢದಲ್ಲಿ ಗಂಗಲಕ್ಷ್ಮಿ ಸತ್ತಳು. ತಿಥಿ ಮುಗಿಸಿಕೊಂಡು ಓಬಳೇಶ ಕೆಲಸಕ್ಕೆ ಬಂದ. ಬಂದ ದಿನವೇ ಒಂದು ಚೀಲ ಹಸಿ ಕಡಲೆಕಾಯಿ ತಂದು ಲ್ಯಾಬಿನ ಬಾಗಿಲಲ್ಲಿಟ್ಟ. ಅವನ ಕಣ್ಣಿನಲ್ಲಿ ಲೋಹಿತಾ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ.

"ಡಾಕ್ಟ್ರು ಯುಗಾದಿ ದಾಟಲ್ಲ ಅಂದಿದ್ರು. ನಿಮ್ ಕಾಗ್ದ ಆಷಾಡದ್ ಗಂಟ ಉಳ್ಸ್ಕೊಡ್ತು ಮೇಡಂ," ಎಂದು ಬಸ್ಸಿನಲ್ಲಿ ಎಲ್ಲರೆದುರಿಗೆ ಹೇಳಿದ.

ಡಾಕ್ಟರು ಹಾಗೆ ಹೇಳಿರಲಿಲ್ಲ. ಸತ್ತವಳಿಗೆ ನಾನೇನೂ ಕಮ್ಮಿ ಮಾಡಲಿಲ್ಲ ಎನ್ನುವುದಕ್ಕೆ ಅವನಿಗೆ ಯಾವುದಾದರೂ ಒಂದು ಲೆಕ್ಕ ಬೇಕಿತ್ತು. ಕಾಗದ ಅದಕ್ಕೆ ಒದಗಿ ಬಂತು. ನಿಡುಗಲ್ಲಿನಲ್ಲಿ, ಬಲಸಮುದ್ರದಲ್ಲಿ ಅವನು ಇದೇ ಕತೆಯನ್ನು ಮನೆ ಮನೆಗೆ ಹೇಳಿದ್ದ. ಹೂ ಕೇಳಿಸುವುದು ಎನ್ನುವ ಹಾಗೆ ಆ ಕಡೆಯ ಜನ 'ಕಾಗ್ದ ಕೇಳ್ಸೋದು' ಎನ್ನತೊಡಗಿದ್ದರು. ಬಣ್ಣ ಬಂದರೆ ಶುಭ. ಬಿಳಿ ಉಳಿದರೆ ಆ ಔಷಧಿ ಮುಟ್ಟಬಾರದು. ಇದು ಕಿವಿಗೆ ಬಿದ್ದಾಗಲೂ ಲೋಹಿತಾ ಬಾಯಿಬಿಡಲಿಲ್ಲ. ಆಣೆ ಇತ್ತಲ್ಲ. ಬಸ್ಸಿನಲ್ಲಿ ಮಾತ್ರ ಅವಳು ಮೊದಲ ಸೀಟು ಬಿಟ್ಟು ಹಿಂದಕ್ಕೆ ಹೋಗಿ ಕೂರತೊಡಗಿದಳು, ಕನ್ನಡಿಗೆ ಸಿಗದ ಹಾಗೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಓಬಳೇಶ ಇಬ್ಬರನ್ನು ಕರೆದುಕೊಂಡು ಲ್ಯಾಬಿಗೆ ಬಂದ. ಒಬ್ಬರು ಅವನ ದೊಡ್ಡಪ್ಪನ ಮಗ ದೊಡ್ಡರಂಗಪ್ಪ, ಶಿರಾದ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವ ಆಳು. ಇನ್ನೊಬ್ಬರು ದೊಡ್ಡರಂಗಪ್ಪನ ಹೆಂಡತಿ ದಾಸಮ್ಮ. ದೊಡ್ಡರಂಗಪ್ಪ ಬಾಯಿಗೆ ಟವೆಲು ಒತ್ತಿ ಹಿಡಿದಿದ್ದ. ಅವನದೂ ಅದೇ ಕಾಯಿಲೆ, ಅದೇ ತುಮಕೂರು, ಅದೇ ಎರಡು ದಾರಿ. ಅವನ ಚೂರೂ ಡಾಕ್ಟರ ಕೈಯಿಂದ ಲೋಹಿತಾಳಿಗೆ ಬಂದಿತ್ತು, ಅವಳು ಹಿಂದಿನ ದಿನವಷ್ಟೇ ಪದರ ಬಿಡಿಸಿದ್ದಳು. ಯಾರದ್ದೆಂದು ಈಗ ಗೊತ್ತಾಯಿತು.

"ನಾಳೀಕೆ ಡಾಕ್ಟ್ರಿಗ್ ಯೋಳ್ಬೇಕಂತೆ ಮೇಡಂ, ಡ್ರಿಪ್ಪಾ ಮಾತ್ರೇನಾ ಅಂತ," ಎಂದ ಓಬಳೇಶ. "ಕಾಗ್ದ ಕೇಳ್ದೆ ಯೋಳಲ್ಲ ಅಂತ ಕುಂತವ್ರೆ ನಮ್ಮಣ್ಣ. ಬಣ್ಣ ಯಾವ್ದಕ್ ಬಂತು?"

ಬಣ್ಣ ಬಂದಿದ್ದದ್ದು ಮಾತ್ರೆಗೆ. ಅವಳ ಬೆನ್ನ ಹಿಂದಿನ ಮೇಜಿನ ಮೇಲೆ ಕಾಗದಗಳು ತಟ್ಟೆಯಲ್ಲಿ ಹಾಗೇ ಇದ್ದವು, ಒಂದು ಸಾಲು ಬಿಳಿ, ಒಂದು ಸಾಲು ನೇರಳೆ.

ನಿಜ ಹೇಳಿದರೆ ದೊಡ್ಡರಂಗಪ್ಪ ಬದುಕಬಹುದು, ಆದರೆ ಓಬಳೇಶನಿಗೆ ಅದೇ ಕ್ಷಣ ಎಲ್ಲ ಅರ್ಥವಾಗುತ್ತದೆ. ಸುಮ್ಮನಿದ್ದರೆ ಇನ್ನೊಬ್ಬ ಸಾಯುತ್ತಾನೆ. ದಾಸಮ್ಮ ಕೈಮುಗಿದು ನಿಂತಿದ್ದಳು. ಆಗ ಲೋಹಿತಾಳಿಗೆ ಮೂರನೆಯ ದಾರಿ ಹೊಳೆಯಿತು. ಅವರ ಮಾತಿನಲ್ಲೇ ಒಂದು ಸುಳ್ಳು ಹೇಳಿದರಾಯಿತು. ಅದರಲ್ಲಿ ಆಣೆಯೂ ಉಳಿಯುತ್ತದೆ, ಈ ಮನುಷ್ಯನೂ ಉಳಿಯುತ್ತಾನೆ.

"ಡ್ರಿಪ್ಪಿಗೆ ಬಂದಿದೆ," ಎಂದಳು. "ಡ್ರಿಪ್ಪೇ ಹಾಕಿಸಿಕೊಳ್ಳಿ. ಡಾಕ್ಟರೂ ಅದನ್ನೇ ಹೇಳ್ತಾರೆ."

ದಾಸಮ್ಮ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ದೊಡ್ಡರಂಗಪ್ಪ ಟವೆಲಿನ ಹಿಂದಿನಿಂದ ಏನೋ ಅಂದ, ಅದು ನಗುವಿನ ಹಾಗಿತ್ತು.

"ತೋರ್ಸಿ ಮೇಡಂ, ಅವ್ರೂ ನೋಡ್ಲಿ," ಎಂದು ಓಬಳೇಶ ಹಿಗ್ಗಿನಿಂದ ಮುಂದೆ ಬಂದ. ಅವಳು ಅಡ್ಡ ನಿಲ್ಲುವ ಮೊದಲೇ ತಟ್ಟೆಯ ಮೇಲೆ ಬಗ್ಗಿದ್ದ. ನೇರಳೆ ಸಾಲಿನ ಕೆಳಗೆ ಲೋಹಿತಾಳದೇ ದುಂಡಗಿನ ಅಕ್ಷರದಲ್ಲಿ 'ಮಾತ್ರೆ' ಎಂದಿತ್ತು. ಬಿಳಿ ಸಾಲಿನ ಕೆಳಗೆ 'ಡ್ರಿಪ್'. ಇದನ್ನೂ ಅವಳು ಕನ್ನಡದಲ್ಲೇ ಬರೆಯುತ್ತಿದ್ದಳು.

ಅವನು ಬಗ್ಗಿದವನು ಬಗ್ಗಿಯೇ ಇದ್ದ. ಆಮೇಲೆ ತಲೆಯೆತ್ತಿ ಲೋಹಿತಾಳನ್ನು ನೋಡಿದ. ಅವಳು ಏನೂ ಹೇಳಬೇಕಾಗಿರಲಿಲ್ಲ. ಬಿಳಿಯಾದ ಔಷಧಿಯನ್ನೇ ಹಾಕಿಸಿಕೊಳ್ಳಿ ಎನ್ನುವವಳು ಯಾಕೆ ಹಾಗೆನ್ನುತ್ತಾಳೆ, ಅದಕ್ಕಾಗಿ ಯಾಕೆ ಸುಳ್ಳು ಹೇಳುತ್ತಾಳೆ, ಮೂರು ತಿಂಗಳಿಂದ ಯಾಕೆ ಹಿಂದಿನ ಸೀಟಿಗೆ ಹೋಗಿ ಕೂರುತ್ತಾಳೆ, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಬಂದು ಕೂತದ್ದನ್ನು ಅವಳು ನೋಡಿದಳು.

"ಸರಿಯಾಗೇ ಐತೆ," ಎಂದ ಓಬಳೇಶ ಅಣ್ಣನ ಕಡೆ ತಿರುಗಿ. ಮೈಯಿಂದ ತಟ್ಟೆಯನ್ನು ಮರೆಮಾಡಿದ್ದ. "ಮೇಡಂ ಯೋಳ್ದಂಗೆ ಡ್ರಿಪ್ಪೇ ಹಾಕುಸ್ಕ. ಬ್ಯಾರೆ ಯಾರ್ ಏನಂದ್ರೂ ಕೇಳ್ಬ್ಯಾಡ. ನಾನಂದ್ರೂ ಕೇಳ್ಬ್ಯಾಡ. ಅತ್ಗೆ, ಕರ್ಕಂಡ್ ನಡೀರಿ, ಬಸ್ ತಾವ ಇರಿ."

ಅವರಿಬ್ಬರೂ ಮೆಟ್ಟಿಲಿಳಿಯುವವರೆಗೆ ಅವನು ಕಾದ.

"ಅವ್ಳಿಗ್ ಗೊತ್ತಿತ್ತಾ ಮೇಡಂ?"

"ಬಲಸಮುದ್ರಕ್ಕೆ ಬಂದ ದಿನ ಹೇಳಿದೆ ಓಬಳೇಶಣ್ಣ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡ್ರು. ತಪ್ಪು ನಂದು, ನಿಮ್ಮದಲ್ಲ. ನಾನೇ ಸರಿಯಾಗಿ ಹೇಳಲಿಲ್ಲ." ಅವಳು ಇನ್ನೂ ಏನೇನೋ ಹೇಳಿದಳು. ಅವನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದ.

"ನೀವ್ ಬಂದೋದ್ ಮಾರ್ನೆ ದಿನದಿಂದ ಬಾಯೇ ಬುಡ್ತಿರ್ಲಿಲ್ಲ ಅವ್ಳು," ಎಂದ. "ಚಮ್ಚ ತಂದ್ರೆ ಮಕ ತಿರುಗ್ಸೋಳು. ನಾನು ಬಯ್ದೆ. ಒಂದಿನ ಕೈನೂ ಎತ್ತ್‌ಬುಟ್ಟೆ ಮೇಡಂ, ಬದುಕೋದ್ ಬ್ಯಾಡ್ವೇನೇ ನಿಂಗೆ ಅಂತ. ಆಗ ಬಾಯ್ ಬುಟ್ಲು. ಬಟ್ಲಲ್ಲಿದ್ದಿದ್ನ ಪೂರಾ ನುಂಗಿ ನನ್ ಮಕ ನೋಡಿ ಕಣ್ಣಲ್ಲೇ ನಕ್ಲು. ಆಮ್ಯಾಕೆ ಒಂದಿನಾನೂ ಬ್ಯಾಡ ಅನ್ಲಿಲ್ಲ. ನಾನು, ವಾಸಿ ಆಗ್ತಾ ಐತೆ, ಅದ್ಕೇ ನಗ್ತಾವ್ಳೆ ಅನ್ಕಂಡೆ."